ಎರಡನೇ ಸುತ್ತು ಆ ಕಡೆಯಿಂದ

ಕ್ರೇನಿನ ಕೊಕ್ಕೆಯಲ್ಲಿ ಕೆಂಪು ಕಂಟೇನರ್ ತೂಗುತ್ತಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುವುದಿಲ್ಲ, ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತರೆ ಸಿಂಗಪುರದ ಪಾಸಿರ್ ಪಂಜಾಂಗ್ ಬಂದರು ಪೂರ್ತಿ ನನ್ನದೇ ಅನ್ನಿಸುತ್ತದೆ, ಪಕ್ಕದಲ್ಲಿ ರಾತ್ರಿ ಪಾಳಿ ಮುಗಿಸಿದ ಚೀನೀ ಅಂಕಲ್ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಾರೆ, ನನ್ನ ಕಿವಿಯೊಳಗೆ ಮಾತ್ರ ಅಮೆರಿಕದ ಯಾವುದೋ ಗುಡ್ಡಗಾಡು ರಾಜ್ಯದ ಸಂಜೆ, ವನ್ಯಜೀವಿ ಮಂಡಳಿಯ ಸಭೆ, ಯಾರೋ ಕೆಮ್ಮುತ್ತಾರೆ, ಯಾರೋ ಮೈಕ್ ತಟ್ಟುತ್ತಾರೆ, ಮುಂದಿನ ವಿಷಯ ಬೇಟೆ ಟ್ಯಾಗ್ ಹಂಚಿಕೆ — ನನ್ನ ವಿಷಯ ಅದು, ವರ್ಣಿಕಾ ಪದ್ಮನಾಭಳದು, ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದವಳದು, ನಗು ಬರುತ್ತದೆ, ತಂಜಾಂಗ್ ಪಗಾರಿನ ಆಫೀಸಿನ ಎಸಿ ರೂಮಿನಲ್ಲಿ ಕೂತು ಆ ಕಾಡಿನ ಲಾಟರಿಯ ನಿಯಮ ಬರೆದವಳು ನಾನು. ಟ್ಯಾಗ್ ಅಂದರೆ ಒಂದು ಚೀಟಿ, ಒಂದು ಚೀಟಿಗೆ ಒಂದು ಎಲ್ಕ್, ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ, ಚೀಟಿ ಕಡಿಮೆ, ಕೇಳುವವರು ಸಾವಿರಾರು, ರೈಫಲ್‌ನವರು, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿಯವರು, ಬಿಲ್ಲಿನವರು, ಬುಟ್ಟಿ ಒಂದೇ, ಮೊದಲು ರೈಫಲ್‌ನವರ ಹೆಸರು ಎತ್ತುತ್ತಾರೆ, ಆಮೇಲೆ ಹಳೇ ಕೋವಿ, ಬಿಲ್ಲಿನವರ ಸರದಿ ಬರುವ ಹೊತ್ತಿಗೆ ಒಳ್ಳೆಯ ಬೆಟ್ಟಗಳ ಚೀಟಿಯೆಲ್ಲ ಖಾಲಿ, ಇಷ್ಟು ವರ್ಷ ಹಾಗೇ ನಡೆದಿದೆ, ಯಾಕೆ ಅಂತ ಕೇಳಿದರೆ ಮೊದಲಿಂದ ಹೀಗೇ ಅನ್ನುತ್ತಾರೆ, ಮೊದಲಿಂದ ಹೀಗೇ ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ, ಆಗೆಲ್ಲ ಚಿಕ್ಕಂದಿನ ಆ ಊಟದ ಎಲೆ ಕಣ್ಣಿಗೆ ಬರುತ್ತದೆ, ತುದಿಯಲ್ಲಿ ಉಪ್ಪು, ಒಂದು ಚೂರು ಉಪ್ಪಿನಕಾಯಿ, ನಡುವೆ ಹಸಿರು ಖಾಲಿ ಜಾಗ.

ಈಗ ಒಬ್ಬ ಅಜ್ಜಿ ಮಾತಾಡುತ್ತಿದ್ದಾಳೆ, ಬಿಲ್ಲಿನ ಅಜ್ಜಿ, ದನಿ ಒಣಗಿದೆ ಆದರೆ ಗಟ್ಟಿ, ನಾನು ಮರದ ಕೆಳಗೆ ದಿನಗಟ್ಟಲೆ ಕೂರೋಳು, ಬಾಣ ಬಿಡೋದೇ ಅಪರೂಪ, ಬಿಟ್ಟರೂ ತಾಗೋದು ಇನ್ನೂ ಅಪರೂಪ, ಅದಲ್ಲ ನನ್ನ ದೂರು, ನನ್ನ ಹೆಸರು ಬರೋ ಹೊತ್ತಿಗೆ ಬುಟ್ಟಿಯಲ್ಲಿ ಏನೂ ಇರಲ್ಲ, ಅದು — ಹೇಳಜ್ಜಿ, ಚೆನ್ನಾಗಿ ಹೇಳು, ಕುನಾಲ್ ಕೇಳಿಸಿಕೊಳ್ಳಲಿ, ಕುನಾಲ್ ನನ್ನ ಬಾಸ್, ಬಸವನಗುಡಿಯವನು, ಅವನಂದಿದ್ದು, ತಲೆ ಕೆಡಿಸ್ಕೋಬೇಡ ವರ್ಣಿಕಾ, ಮೂರು ಸಮ ಭಾಗ ಮಾಡಿ ಕ್ಲೋಸ್ ಮಾಡು, ಕ್ಲೈಂಟ್ ಹ್ಯಾಪಿ, ಸಮ ಭಾಗವಂತೆ, ಇಪ್ಪತ್ತು ಜನರ ಮನೆಗೂ ಒಂದು ಸೇರು ಅಕ್ಕಿ, ಇಬ್ಬರ ಮನೆಗೂ ಒಂದು ಸೇರು, ಅದನ್ನು ನ್ಯಾಯ ಅನ್ನಬೇಕಂತೆ, ರೈಫಲ್‌ನವರೇನು ಪಾಪ ಮಾಡಿದ್ದಾರೆ, ಸಂಖ್ಯೆಯಲ್ಲಿ ಅವರೇ ಜಾಸ್ತಿ ಅನ್ನುವುದೂ ನಿಜ ತಾನೇ, ನಾನು ಒಪ್ಪಲಿಲ್ಲ, ಅವನು ಕುರ್ಚಿ ತಿರುಗಿಸಿ ಅಂದ, ಸರಿ, ನಿನ್ನ ಐಡಿಯಾನೇ ಕಳಿಸು, ವೋಟಲ್ಲಿ ಸೋತರೆ ಈ ಟೀಮಿಂದ ನೀನು ಔಟ್, ಆಮೇಲೆ ನನ್ನ ಹತ್ರ ಬರಬೇಡ, ಓಕೆ ಅಂದೆ, ಧೈರ್ಯವಾಗಿ ಅಂದೆ, ಆಮೇಲೆ ಸೀಟಿಗೆ ಬಂದು ಇಡೀ ಲೆಕ್ಕವನ್ನು ಮೊದಲಿಂದ ಮತ್ತೆ ಹಾಕಿ ನೋಡಿದೆ. ಬೆಳಿಗ್ಗೆ ಅಪ್ಪ ಉಪ್ಪಿಟ್ಟಿನ ತಟ್ಟೆ ಇಡುತ್ತ ಕೇಳಿದರು, ಇವತ್ತೇನಾ ನಿನ್ನ ಆ ಕೊಲ್ಲೋ ಪ್ರಾಜೆಕ್ಟಿನ ವೋಟಿಂಗು, ಕೊಲ್ಲೋದು ಅವರು ಅಪ್ಪ, ನಾನು ಬರೀ ಹಂಚೋದು ಅಂದೆ, ಅಪ್ಪ ನನ್ನ ತಟ್ಟೆಗೆ ನಿಂಬೆಹಣ್ಣು ಹಿಂಡಿದರು, ಈ ಕೆಲಸ ಹಿಡಿದಾಗಿನಿಂದ ಹೀಗೇ, ಅದರ ಸುದ್ದಿ ಎತ್ತಿದರೆ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಹೋದ ವಾರ ಊಟದ ಹೊತ್ತಿಗೆ ನನ್ನ ಉಪಾಯ ಪೂರ್ತಿ ವಿವರಿಸಿದೆ, ಹೂಂ ಅಂದರು, ಮಜ್ಜಿಗೆ ಹಾಕ್ಕೋ ಅಂದರು, ಅಷ್ಟೇ.

ಉಪಾಯ ಅವರದೇ, ಅದು ಅವರಿಗೆ ಗೊತ್ತಾಗಿದೆಯೋ ಇಲ್ಲವೋ, ಈ ಯುಗಾದಿಗೆ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ಹಾಲಿನಲ್ಲಿ ಪಂಕ್ತಿ ಹಾಕಿದ್ದೆವು, ನೆಲದ ಮೇಲೆ ಉದ್ದಕ್ಕೆ ಕಾಗದ, ಟೆಕ್ಕಾ ಮಾರ್ಕೆಟ್ಟಿನಿಂದ ತಂದ ಬಾಳೆ ಎಲೆ, ಅಪ್ಪ ಹೋಳಿಗೆ ಬುಟ್ಟಿ ಹಿಡಿದು ಒಂದು ಸುತ್ತು ಮುಗಿಸಿದರು, ಜನ ಇನ್ನೂ ಬೇಕು ಅನ್ನುತ್ತಿದ್ದಾರೆ, ಅಪ್ಪ ಬುಟ್ಟಿ ಎತ್ತಿಕೊಂಡು ಸರಸರ ಆ ತುದಿಗೆ ನಡೆದರು, ಮುಂದಿನ ಸಾಲಿನ ಯೋಗೇಶ ಅಂಕಲ್ ರೇಗಿಸಿದರು, ಏನ್ ಪದ್ಮನಾಭ, ನಮ್ಮನ್ನ ಬಿಟ್ಟು ಎಲ್ಲಿಗೆ ಹೊರಟ್ರಿ, ಅಪ್ಪ ಪ್ರತಿ ವರ್ಷದ ಅದೇ ಮಾತು ಹೇಳಿದರು, ಎರಡನೇ ಸುತ್ತು ಆ ಕಡೆಯಿಂದ — ನನ್ನ ಬಾಯಲ್ಲಿದ್ದ ಕೋಸಂಬರಿ ಬಾಯಲ್ಲೇ ಉಳಿಯಿತು, ಅಯ್ಯೋ ಇಷ್ಟೇನಾ, ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡಿದ್ದು ಇದಕ್ಕಾ, ತಲೆ ಎಣಿಸಿ ಪಾಲು ಹಾಕು, ಆದರೆ ಒಂದೊಂದು ಬೆಟ್ಟದ ಚೀಟಿಯನ್ನೂ ಎರಡು ಸುತ್ತಿನಲ್ಲಿ ಎತ್ತು, ಮೊದಲ ಸುತ್ತು ರೈಫಲ್ ಕಡೆಯಿಂದ, ಎರಡನೆಯದು ಬಿಲ್ಲಿನ ಕಡೆಯಿಂದ, ಒಳ್ಳೆಯ ಬೆಟ್ಟ ಯಾರಿಗೂ ಪೂರ್ತಿ ತಪ್ಪುವುದಿಲ್ಲ. ಅಪ್ಪನ ಈ ನಿಯಮವನ್ನು ಇಂಜಿನಿಯರ್ ಬುದ್ಧಿ ಅಂತ ಎಲ್ಲರೂ ಆಡಿಕೊಳ್ಳುತ್ತಾರೆ, ನಾನೂ ಆಡಿಕೊಂಡಿದ್ದೇನೆ, ಆದರೆ ಅದಕ್ಕೂ ಮುಂಚೆ ಒಂದು ಯುಗಾದಿ ಇತ್ತು, ನಾನು ಪ್ರೈಮರಿ ಸ್ಕೂಲು, ಹೊಸ ಲಂಗ, ಪಂಕ್ತಿಯ ಕಟ್ಟಕಡೆಯ ಎಲೆ ನನ್ನದು, ಹೋಳಿಗೆ ಬರುತ್ತಿದೆ, ಬರುತ್ತಿದೆ, ಪಕ್ಕದ ಎಲೆಯ ತನಕ ಬಂತು, ಬುಟ್ಟಿ ಖಾಲಿ, ಬಡಿಸುತ್ತಿದ್ದವರು ಅಪ್ಪನೇ, ಯಾರೋ ಆಂಟಿ ಅಯ್ಯೋ ಮಗೂಗೆ ಇಲ್ವಲ್ಲ ಅಂದರು, ಅಪ್ಪ ನಗುತ್ತಲೇ, ಪರವಾಗಿಲ್ಲ ಬಿಡಿ, ನಮ್ಮನೆ ಹುಡುಗಿ ತಾನೇ, ಬಡಿಸೋ ಮನೆಯವರು ಕೊನೇಲಿ ತಿಂದ್ರಾಯ್ತು ಅಂದು ಹೊರಟೇಹೋದರು, ಎಲ್ಲರೂ ಏಳುವ ತನಕ ಏಳುವ ಹಾಗಿಲ್ಲ, ಎಲ್ಲರೂ ಚಪ್ಪರಿಸುತ್ತಿದ್ದಾರೆ, ನಾನು ತಲೆ ತಗ್ಗಿಸಿ ನನ್ನ ಎಲೆಯನ್ನೇ ನೋಡುತ್ತ ಕೂತಿದ್ದೇನೆ, ಉಪ್ಪು, ಉಪ್ಪಿನಕಾಯಿ, ಖಾಲಿ ಜಾಗ, ಅಳಲಿಲ್ಲ, ಒಂದು ಹನಿಯೂ ಇಲ್ಲ, ಆದರೆ ಅವತ್ತಿನ ಸಿಟ್ಟು ಇವತ್ತಿಗೂ ಬಿಸಿಯಾಗೇ ಇದೆ.

ಶ್, ವೋಟು ಶುರುವಾಯಿತು, ಒಬ್ಬೊಬ್ಬರ ಹೆಸರು ಕರೆಯುತ್ತಿದ್ದಾರೆ, ಹೌದು, ಇಲ್ಲ, ಹೌದು, ಇಲ್ಲ — ಬಸ್ಸು ಹಾರ್ಬರ್‌ಫ್ರಂಟ್ ದಾಟಿತು, ನೆಟ್‌ವರ್ಕೇ ಈಗ ಕೈಕೊಡಬೇಡ — ಇಲ್ಲ, ಹೌದು, ಮೂರು ಮೂರು, ಕೊನೆಯ ಕುರ್ಚಿ ಉಳಿದಿದೆ, ಕೊನೆಯ ಕುರ್ಚಿಯವರೇ, ನಿಮಗೂ ಯಾವತ್ತಾದರೂ ಕೊನೆಯಲ್ಲಿ ಕೂತು ಗೊತ್ತಿರಬೇಕಲ್ಲ, ಕಾಗದದ ಸದ್ದು, ಗಂಟಲು ಸರಿಮಾಡಿಕೊಳ್ಳುತ್ತಾರೆ, ಮಾತಾಡಿ ಮಾರಾಯರೇ — ಹೌದು. ಹೌದು ಅಂದರು. ಪಾಸ್ ಆಯಿತು, ನನ್ನ ಎರಡು ಸುತ್ತು ಪಾಸ್ ಆಯಿತು, ನಾನು ಸೀಟಿನಿಂದ ಎದ್ದು ಕೂಗಿಯೇಬಿಟ್ಟಿದ್ದೇನೆ, ಬಸ್ಸಿನ ಮೇಲಂತಸ್ತು ಪೂರ್ತಿ ನನ್ನನ್ನೇ ನೋಡುತ್ತಿದೆ, ಪಕ್ಕದ ಅಂಕಲ್ ಬೆಚ್ಚಿ ಎದ್ದು, ಗರ್ಲ್, ಯು ಓಕೆ ಆರ್ ನಾಟ್, ಓಕೆ ಲಾ ಅಂಕಲ್, ವೆರಿ ಓಕೆ, ಲಾಟರಿ ಹೊಡೀತಾ, ಹೊಡೀತು ಅಂಕಲ್, ನಂಗಲ್ಲ, ಒಬ್ಬ ಅಜ್ಜಿಗೆ, ಅವರು ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದರು, ಕುನಾಲ್‌ನ ಮೆಸೇಜ್ ಬಂತು, ಒಂದು ಹೆಬ್ಬೆರಳು, ಬರೀ ಹೆಬ್ಬೆರಳು, ಹೊಟ್ಟೆಯುರಿ ನೋಡು, ಇಟ್ಟುಕೋ ನಿನ್ನ ಸಮ ಭಾಗ, ಖುಷಿಗೆ ಎದೆ ಒಡೆದುಹೋಗುತ್ತದೋ ಏನೋ, ಅಪ್ಪನಿಗೆ ಟೈಪ್ ಮಾಡಿದೆ, ಗೆದ್ದೆ ಅಪ್ಪ, ಓದಿದ ಗುರುತಿನ ನೀಲಿ ಟಿಕ್ ಬಿತ್ತು, ಟೈಪಿಂಗ್ ಅಂತ ತೋರಿಸುತ್ತಿದೆ, ನಿಂತಿತು, ಮತ್ತೆ ಟೈಪಿಂಗ್, ಒಂದು ಬೆರಳಲ್ಲಿ ಕುಟ್ಟುತ್ತಿರುತ್ತಾರೆ, ಗುಡ್ ಅನ್ನುತ್ತಾರೆ, ಇಲ್ಲ ಬರುವಾಗ ಮೊಸರು ತಾ ಅನ್ನುತ್ತಾರೆ — ಬಂತು. ಕೊನೇ ಎಲೆಗೂ ಬಂತಾ ಪುಟ್ಟಿ? ಅವತ್ತು ನಿಂಗೆ ಬರಲಿಲ್ಲ.

ಬಸ್ಸು ತಿರುಗುತ್ತಿದೆ, ನನ್ನ ಸ್ಟಾಪ್ ಬಂತು, ಏಳಬೇಕು, ಏಳುತ್ತಿಲ್ಲ, ಅಂದರೆ ಅವರು ನೋಡಿದ್ದರು, ನಗುತ್ತ ಹೊರಟುಹೋದವರು ನೋಡಿಯೇ ಹೋಗಿದ್ದರು, ಮಾರನೇ ವರ್ಷದಿಂದಲೇ ತಾನೇ ಅವರ ನಿಯಮ ಶುರುವಾಗಿದ್ದು, ಎಲ್ಲರೂ ಆಡಿಕೊಂಡರೂ ಬಿಡದೆ, ಪ್ರತಿ ಯುಗಾದಿಗೂ, ಬುಟ್ಟಿ ಹಿಡಿದು ಸರಸರ ಆ ತುದಿಗೆ — ಬಂತಪ್ಪ, ಬಂತು ಅಂತ ಬರೆಯುತ್ತೇನೆ, ಅಕ್ಷರ ಕಾಣುತ್ತಿಲ್ಲ, ಬರೀ ಆ ಎಲೆ ಕಾಣುತ್ತಿದೆ, ಉಪ್ಪು, ಒಂದು ಚೂರು ಉಪ್ಪಿನಕಾಯಿ, ನಡುವೆ ಬಿಸಿ ಹೋಳಿಗೆ, ಅದರ ಮೇಲೆ ತುಪ್ಪ.