ಅರವತ್ತು ಹೆಜ್ಜೆ ಮುಂದೆ

ಜರಗನಹಳ್ಳಿಯ ಶಾಲೆಗೆ ಬಂದಾಗ ರವಿಕುಮಾರ್ ಅವರ ಕೈಯಲ್ಲಿ ಫಾರಂ ಇತ್ತು, ಮುಖದಲ್ಲಿ ಫಾರ್ಮಾಲಿಟಿ. ಜಯನಗರದಲ್ಲಿ ನಡೆಯುವ ಮಕ್ಕಳ ಕೋಡಿಂಗ್ ಪ್ರದರ್ಶನಕ್ಕೆ ಆಟಗಳನ್ನು ಆರಿಸುವವರು ಅವರೇ. ಆರನೇ ಕ್ಲಾಸಿನ ಅರ್ಪಿತ ಮೂರು ವಾರದಿಂದ ಈ ದಿನಕ್ಕೇ ಕಾದಿದ್ದಳು. ಶಾಂತಲಾ ಮಿಸ್ ಹಳೇ ಲ್ಯಾಪ್‌ಟಾಪ್‌ಗಳಿಗೆ ಉಚಿತವಾಗಿ ಸಿಗುವ ಸ್ಕ್ರ್ಯಾಚ್ ಎಂಬ ತಂತ್ರಾಂಶ ಹಾಕಿ, ಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಸಿಕ್ಕಿಸಿ ಪ್ರೋಗ್ರಾಂ ಮಾಡುವುದನ್ನು ಕಲಿಸಿದ್ದರು. ಬ್ಲಾಕುಗಳ ಮೇಲೆಲ್ಲ ಕನ್ನಡ.

ಅರ್ಪಿತ ತೆರೆಯ ಮೂಲೆಯ ಹಸಿರು ಬಾವುಟ ಒತ್ತಿ ತಾನು ಮಾಡಿದ ಆಟ ಶುರುಮಾಡಿದಳು. ತೆರೆಯ ಮೇಲೆ ಕನಕಪುರ ರಸ್ತೆ. ಸ್ಟಾಪಿನಲ್ಲಿ ಹೂವಿನ ಬುಟ್ಟಿ ಹೊತ್ತ ಅವಳ ಅಜ್ಜಿ ಲಕ್ಷ್ಮಮ್ಮ. ಬಸ್ಸು ಬಂತು, ಸ್ಟಾಪು ದಾಟಿತು, ಅರವತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. "ಬೇಗ್ ಬಾರಮ್ಮ ಅಜ್ಜಿ, ಮುಂದ್ಗಡೆ ಹತ್ತು," ಎಂದು ಕಂಡಕ್ಟರ್ ಮೂಗಿನಲ್ಲಿ ಕೂಗಿದ. ಆ ಮೂಗಿನ ದನಿಯನ್ನೂ ರೆಕಾರ್ಡ್ ಮಾಡಿದವಳು ಅರ್ಪಿತಳೇ. ಆಡುವವರು ಬಾಣದ ಕೀ ಒತ್ತಿ ಒತ್ತಿ ಅಜ್ಜಿಯನ್ನು ಓಡಿಸಬೇಕು.

ರವಿಕುಮಾರ್ ಎರಡು ಸಲ ಆಡಿದರು. ಎರಡು ಸಲವೂ ಬಸ್ಸು ತಪ್ಪಿತು.

"ಚೆನ್ನಾಗಿದೆ ಪುಟ್ಟಿ. ಆದ್ರೆ ಬಗ್ ಇದೆ. ಬಸ್ಸು ಸ್ಟಾಪಲ್ಲಿ ನಿಲ್ತಾ ಇಲ್ಲ."

"ಅದು ಬಗ್ ಅಲ್ಲ ಸಾರ್. ಸ್ಟಾಪಲ್ಲಿ ಆಟೋ ನಿಂತಿರ್ತವೆ. ಬಸ್ ಮುಂದೇನೇ ನಿಲ್ಲೋದು."

"ಫಾರಂನಲ್ಲಿ ಒಂದು ಕಾಲಂ ಇದೆ ನೋಡು, 'ಪಾತ್ರ ಸರಿಯಾದ ಜಾಗದಲ್ಲಿ ನಿಲ್ಲುತ್ತದೆಯೇ?' ಅಂತ. ಬ್ಲಾಕಲ್ಲಿರೋ ಅರವತ್ತನ್ನ ಸೊನ್ನೆ ಮಾಡು. ಒಂದೇ ನಂಬರ್. ಟಿಕ್ ಹಾಕ್ತೀನಿ, ನೀನು ಜಯನಗರಕ್ಕೆ ಬರ್ತೀಯ."

ಶಾಂತಲಾ ಬಗ್ಗಿ ಪಿಸುಗುಟ್ಟಿದರು. "ಇವತ್ತೊಂದಿನಕ್ಕೆ ಮಾಡ್ಬಿಡೇ. ಆಮೇಲೆ ವಾಪಸ್ ಹಾಕ್ಕೊಳ್ಳೋಣ."

ಅರ್ಪಿತಳ ಬೆರಳು ಅರವತ್ತರವರೆಗೆ ಹೋಗಿ, ಹಿಂದೆ ಬಂತು.

"ಸೊನ್ನೆ ಹಾಕಿದ್ರೆ ನಮ್ಮಜ್ಜಿ ಓಡೋದೇ ಬೇಡ ಮಿಸ್. ಅವ್ರು ದಿನಾ ಓಡ್ತಾರೆ. ಮಂಡಿನೋವು ಇಟ್ಕೊಂಡೂ ಓಡ್ತಾರೆ. ನಾನು ಹಾಕಲ್ಲ."

"ಹಾಗಾದ್ರೆ ಹೆಸರು ಹೊಡೆದ್ಹಾಕ್ಬೇಕಾಗತ್ತಮ್ಮ."

"ಹೊಡೆದ್ಹಾಕಿ ಸಾರ್. ಪೆನ್‌ಡ್ರೈವ್ ಇದ್ರೆ ಕೊಡಿ, ಆಟ ಹಾಕ್ಕೊಡ್ತೀನಿ. ಇದನ್ನ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು, ಕಾಪಿ ಮಾಡ್ಕೊಂಡು ತಿದ್ಬೋದು ಅಂತ ಮಿಸ್ ಹೇಳ್ಕೊಟ್ಟಿದಾರೆ. ನಿಮ್ಮ ಕಾಪೀಲಿ ಬಸ್ಸನ್ನ ಎಲ್ಲಿ ಬೇಕಾದ್ರೂ ನಿಲ್ಸಿ. ನಂದ್ರಲ್ಲಿ ಇಲ್ಲೇ ನಿಲ್ಲೋದು."

ರವಿಕುಮಾರ್ ಮಿಸ್ ಕಡೆ ನೋಡಿದರು. ಶಾಂತಲಾ ನೆಟ್ಟಗೆ ನಿಂತರು.

"ಹೌದು ಸಾರ್, ಹೇಳ್ಕೊಟ್ಟಿದ್ದು ನಾನೇ. ಅವಳ ಆಟ ಹಾಗೇ ಇರ್ಲಿ."

ರವಿಕುಮಾರ್ ಅರ್ಪಿತಳ ಹೆಸರಿನ ಮೇಲೆ ಗೀಟು ಎಳೆದು, "ಮುಂದಿನವರು ಯಾರು?" ಎಂದರು.

ಹೋದ ವರ್ಷ ವಿಜಯಪುರದ ಕಡೆಯಿಂದ ಬಂದು ಸೇರಿದ್ದ ಉಮಾಶ್ರೀ ಎದ್ದಳು. ಲ್ಯಾಪ್‌ಟಾಪನ್ನು ಮಾತ್ರ ಅವರ ಕಡೆ ತಿರುಗಿಸಲಿಲ್ಲ.

"ಐದು ನಿಮಿಷ ಕೊಡ್ರಿ ಸರ್. ನನ್ನ ಆಟದಾಗ ನೀರಿನ ಟ್ಯಾಂಕರ್ ಹೇಳಿದ ಟೈಮಿಗೆ ಬರ್ತೈತಿ. ನಮ್ಮ ಓಣ್ಯಾಗ ಎಂದೂ ಹಂಗ ಬರಂಗಿಲ್ಲ. ಅದನ್ನ ಸರಿ ಮಾಡ್ಬೇಕು."