ಸುಕ್ಕುಗಲ್ಲು

ಅಡುಗೆಮನೆಯ ನೆಲಕ್ಕೆ ಹಾಕುವ ಕಲ್ಲೊಂದನ್ನು ಮೇಸ್ತ್ರಿ ಮಗುಚಿದ. "ಈ ಕಡೆ ಬರೀ ಸುಕ್ಕು."

ಭೂವಿಜ್ಞಾನದ ಮೇಷ್ಟ್ರಾದ ನನಗೆ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. "ಸುಕ್ಕಲ್ಲಪ್ಪ, ಅಲೆ ಬಿಟ್ಟುಹೋದ ಗುರುತು. ಒಂದು ಕಾಲಕ್ಕೆ ಇಲ್ಲೂ ಸಮುದ್ರ ಇತ್ತು."

ಕಡಲತೀರದ ತವರು ಬಿಟ್ಟು ಬಂದಂದಿನಿಂದ ಈ ಧೂಳಿನ ಊರನ್ನು ಬೈದುಕೊಂಡೇ ಬಾಳಿದ ಅಮ್ಮ ಸೌಟು ಕೆಳಗಿಟ್ಟಳು.

"ಊರ ಮಕ್ಕಳಿಗೆಲ್ಲ ಪಾಠ ಹೇಳ್ತೀಯ. ನನಗೆ ಹೇಳೋಕೇನಾಗಿತ್ತೋ?"

"ಕೋಟಿಗಟ್ಟಲೆ ವರ್ಷದ ಹಿಂದಿನ ಮಾತಮ್ಮ ಅದು!"

"ಇರಲಿ. ಮೇಸ್ತ್ರಿ, ಸುಕ್ಕು ಮೇಲೆ ಬರೋ ಹಾಗೆ ಹಾಕಪ್ಪ."

"ಕಾಲಿಗೆ ಒತ್ತುತ್ತೆ, ಅಮ್ಮಾ."

"ನನ್ನ ಕಾಲು ತಾನೆ?"

ಮೇಸ್ತ್ರಿ ಗೊಣಗುತ್ತಲೇ ಹಾಕಿದ. ಗಾರೆ ಒಣಗಿದ ಮೇಲೆ ಅಮ್ಮ ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಳು. ಯಾರೂ ನೋಡುತ್ತಿಲ್ಲ ಅಂದುಕೊಂಡು, ಉಟ್ಟ ಬಟ್ಟೆಯನ್ನು ಗೇಣು ಮೇಲಕ್ಕೆತ್ತಿ ಹಿಡಿದಳು, ನೆನೆಯದಿರಲಿ ಎಂದು.