ಮಾದಪ್ಪನ ಸಾಲು

"ಮನೆ ರಾಗಿ ಸೋತೋಯ್ತು ಕಣೆ ಮಂಗಳ. ಹೊಸ ತಳಿಯೇ ಗೆದ್ದಿರೋದು. ಸಂಜೆ ಒಳಗೆ ಎಲ್ಲಾ ನೆಟ್ಟಿಗೆ ಹಾಕ್ಬಿಡ್ತೀನಿ."

ಕೊಳ್ಳೇಗಾಲದ ಕಾಲೇಜಿನ ಲ್ಯಾಬಿನಲ್ಲಿ ಪದ್ಮಿನಿ ಮೇಡಂ ಹಾಗೆಂದಾಗ, ಬೀರುವಿನ ಪಕ್ಕ ನಿಂತಿದ್ದ ಮಂಗಳ ತಿರುಗಿ ನೋಡಿದಳು.

ಕೊಳ್ಳೇಗಾಲ, ಯಳಂದೂರಿನ ಎರಡು ಕಾಲೇಜುಗಳು ಮೈಸೂರಿನ ಒಂದು ಸಂಸ್ಥೆಯ ಜೊತೆ ಸೇರಿ, ರೈತರು ತಾವೇ ಬೀಜ ಉಳಿಸಿಕೊಂಡು ಬಂದ ಮನೆ ರಾಗಿಯನ್ನೂ ಕಾಲೇಜಿನ ಹೊಸ ತಳಿಯನ್ನೂ ಒಂದೇ ಹೊಲದ ಬೇರೆ ಬೇರೆ ತಾಕುಗಳಲ್ಲಿ ಬೆಳೆದು ತೂಗಿ ನೋಡುವ ಸಂಶೋಧನೆಗೆ ಅನುದಾನ ಪಡೆದಿದ್ದವು. ಕಂಡದ್ದನ್ನೆಲ್ಲ ಯಾರು ಬೇಕಾದರೂ ನೋಡುವ ಹಾಗೆ ತೆರೆದಿಡಬೇಕು ಎಂಬುದು ಷರತ್ತು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಮಂಗಳಳಿಗೆ ರಾಮಾಪುರದ ಹೊಲದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಅವಳಿಗೆ ಬಾಯಿಗಿಂತ ಕಣ್ಣು ಮುಂದು.

ಆ ಕಣ್ಣಿಗೆ ಬಿದ್ದದ್ದೊಂದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ. ಕೊಯ್ಲಿನ ಬೆಳಿಗ್ಗೆ, ಮೇಡಂ ಬರುವ ಮೊದಲೇ, ಹೊಲದೊಡತಿ ಪುಟ್ಟಬಸಮ್ಮ ದೇವರು ಮಾದಪ್ಪನಿಗೆ ಬೆಳೆಯ ಮೊದಲ ಪಾಲು ಮೀಸಲೆಂದು ತೆನೆ ಕಿತ್ತಿದ್ದಳು. ದಪ್ಪ ದಪ್ಪ ತೆನೆಗಳು, ಮೊರ ತುಂಬ. ಎಲ್ಲವೂ ಮನೆ ರಾಗಿಯ ತಾಕುಗಳಿಂದಲೇ; ಅವು ತೂಕಕ್ಕೆ ಸೇರಲೇ ಇಲ್ಲ.

"ಕಾಲೇಜ್ ರಾಗಿ ಅದ್ಯಾವ ಊರ್ದೋ ಏನೋ! ಮಾದಪ್ಪ ಒಪ್ಕಂಡಾನಾ?" ಎಂದಿದ್ದಳು. ಮೊರ ಹಿಡಿದು ನಿಂತವಳು ಮಂಗಳಳೇ. ಹನೂರಿನ ಅವಳ ಮನೆಯಲ್ಲೂ ಹಾಗೇ ಮಾಡುತ್ತಿದ್ದರಿಂದ ಆಗ ಏನೂ ಅನ್ನಿಸಿರಲಿಲ್ಲ.

ಹೇಳಿದರೆ ಒಂದು ವರ್ಷದ ದುಡಿಮೆ ಕೆಡುತ್ತದೆ. ಮುಂದಿನ ವರ್ಷದ ಅನುದಾನ ನಿಂತರೆ ತನ್ನ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಮನೆ ರಾಗಿಗೆ ಸೋತ ರಾಗಿ ಎಂಬ ಹೆಸರು ಉಳಿಯುತ್ತದೆ.

"ಮೇಡಂ, ಮನೆ ರಾಗಿ ಸೋತಿಲ್ಲ ಅನ್ಸುತ್ತೆ," ಎಂದು ಶುರುಮಾಡಿ, ನೆಲ ನೋಡುತ್ತಲೇ ಎಲ್ಲ ಹೇಳಿದಳು.

ಮೇಡಂ ಕನ್ನಡಕ ತೆಗೆದಿಟ್ಟರು. "ಆವತ್ತೇ ಹೇಳೋಕೆ ಏನಾಗಿತ್ತೇ?"

"ಮೀಸಲು ತೆಗ್ಯೋದೂ ಹೇಳೋ ಮಾತು ಅಂತ ಗೊತ್ತಿರ್ಲಿಲ್ಲ ಮೇಡಂ."

"ಹೂಂ. ನಾನೂ ಕೇಳ್ಲಿಲ್ಲ ಬಿಡು." ಮೇಡಂ ನಡೆದದ್ದನ್ನು ನಡೆದ ಹಾಗೇ ಬರೆದು ತೂಕಗಳ ಜೊತೆಗೇ ನೆಟ್ಟಿಗೆ ಹಾಕಿದರು. "ಅನುದಾನ ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ."

ಒಂದು ವಾರ ಕಳೆಯಿತು.

ಯಳಂದೂರಿನ ಕಾಲೇಜಿನಿಂದ, ಅಲ್ಲಿ ಇದೇ ಪ್ರಯೋಗ ನಡೆಸುತ್ತಿದ್ದ ಶಾಂತಮೂರ್ತಿ ಮೇಷ್ಟ್ರ ಫೋನು ಬಂತು. "ನೀವು ಬರ್ದಿದ್ದು ಓದಿ ನಮ್ಮ ರೈತರನ್ನೂ ಕೇಳ್ದೆ ಮೇಡಂ. 'ದೇವ್ರಿಗೆ ತೆಗೀದೆ ಉಣ್ಣಾಕಾದದಾ ಸಾ' ಅಂತ ನನ್ನೇ ನೋಡಿ ನಗ್ತಾರೆ! ನಮ್ಮ ಲೆಕ್ಕಾನೂ ಅಲ್ಲೇ ಕೆಟ್ಟಿರೋದು." ಇಬ್ಬರೂ ಸೇರಿ ಮೈಸೂರಿನ ಸಂಸ್ಥೆಯ ಮೂಲಕ ಅನುದಾನ ಕೊಡುವವರಿಗೆ ಬರೆದರು. ಇನ್ನೊಂದು ವರ್ಷ ಬೆಳೆದು ನೋಡಿ ಎಂದು ಅನುದಾನ ಮುಂದುವರಿಯಿತು.

ಬಿತ್ತನೆಯ ದಿನ ರಾಮಾಪುರದಲ್ಲಿ ಮೇಡಂ ಮೆಲ್ಲಗೆ ಕೇಳಿದರು: "ಈ ಸಲ ಮೀಸಲನ್ನೂ ಒಂಚೂರು ತೂಗಿ ಕೊಡ್ಲಾ ಅಮ್ಮ?"

"ಅಯ್ಯಯ್ಯೋ! ದೇವ್ರುದ್ನ ತಕ್ಕಡೀಲಿ ಇಕ್ತಾರೇನವ್ವ?" ಪುಟ್ಟಬಸಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು.

ಯಾರೂ ಕೇಳದಿದ್ದರೂ ಮಂಗಳಳ ಬಾಯಿಂದ ಮಾತು ಬಂತು: "ತಾಕಿನಿಂದ ಆಚೆ, ಬದಿನ್ ಪಕ್ಕ, ಮಾದಪ್ಪನ್ಗೇ ಅಂತ ಒಂದ್ ಸಾಲು ಮನೆ ರಾಗಿ ಬಿತ್ತುದ್ರೆ? ಮೀಸಲು ಅಲ್ಲೇ ತಕ್ಕಬೌದು."

ಪುಟ್ಟಬಸಮ್ಮ ಹೊಲವನ್ನೊಮ್ಮೆ ನೋಡಿದಳು, ಅವಳನ್ನೊಮ್ಮೆ ನೋಡಿದಳು. "ಒಳ್ಳೆ ಮಣ್ಣಿರೋ ಕಡೆ ಕೊಡ್ಬೇಕು ಮತ್ತೆ. ಮೂಲೆ ಗೀಲೆ ತೋರ್ಸುದ್ರೆ ಆಗಕಿಲ್ಲ."

"ನೀವೇ ಆರಿಸ್ಕೊಳಿ ಅಮ್ಮ," ಎಂದರು ಮೇಡಂ ನಗುತ್ತ.

ಪುಟ್ಟಬಸಮ್ಮ ಸೊಂಟದ ಮಡಿಲಿನಿಂದ ಬೀಜ ತೆಗೆದು ಮಂಗಳಳ ಬೊಗಸೆಗೆ ಸುರಿದಳು. "ಬಾಯಿ ಬಂತಲ್ಲವ್ವ ನಿಂಗೆ! ತಕ, ಮೊದ್ಲು ನೀನೇ ಬುಡು."

ಮಂಗಳ ಚಪ್ಪಲಿ ಬಿಟ್ಟು ಸಾಲಿಗಿಳಿದಳು.